ಲಿಯೋನ್‌ನಿಂದ ಬೋರ್ಡೊಗೆ ಪ್ಯಾರಿಸ್ ಮೇಲೆ ಏಕೆ? ಫ್ರಾನ್ಸಿನ ರೈಲು ಕಂಪನಿ ಮತ್ತು ಅದರ ನಕ್ಷೆ

ಪ್ರಶ್ನೆ: ಕೆಲಸದ ನಿಮಿತ್ತ ಫ್ರಾನ್ಸಿನಲ್ಲಿದ್ದಾಗ ಲಿಯೋನ್‌ನಿಂದ ಬೋರ್ಡೊ ನಗರಕ್ಕೆ ರೈಲಿನಲ್ಲಿ ಹೋಗಬೇಕಾಯಿತು. ಎರಡೂ ಊರು ದೇಶದ ದಕ್ಷಿಣಾರ್ಧದಲ್ಲಿವೆ. ಆದರೆ ಟಿಕೆಟ್ ಸಿಕ್ಕಿದ್ದು ಉತ್ತರದ ಪ್ಯಾರಿಸ್ ಮೂಲಕ. ಅಲ್ಲಿಯೂ ಒಂದು ನಿಲ್ದಾಣದಲ್ಲಿ ಇಳಿದು, ಮೆಟ್ರೊ ಹಿಡಿದು, ಇನ್ನೊಂದು ನಿಲ್ದಾಣಕ್ಕೆ ಹೋಗಬೇಕಾಯಿತು. ಇಷ್ಟು ದೊಡ್ಡ ರಾಷ್ಟ್ರೀಯ ಕಂಪನಿಗೆ ಒಂದು ನೇರ ರೈಲು ಓಡಿಸಲು ಆಗುವುದಿಲ್ಲವೇ? ಎಸ್‌ಎನ್‌ಸಿಎಫ್ ಎಂಬ ಈ ಸಂಸ್ಥೆ ನಮ್ಮ ಭಾರತೀಯ ರೈಲ್ವೆಯಂತೆ ಸರ್ಕಾರಿ ಇಲಾಖೆಯೇ, ಅಥವಾ ಕಂಪನಿಯೇ? ಅದನ್ನು ಖಾಸಗಿಯವರಿಗೆ ಮಾರಲಾಗಿದೆ ಎಂದು ಅಲ್ಲಿ ಕೆಲವರು ಹೇಳಿದರು. ನಿಜವೇ?

ಉತ್ತರ: ತಮ್ಮ ಮೂರು ಪ್ರಶ್ನೆಗಳೂ ಒಂದೇ ಸಂಗತಿಗೆ ಬಂದು ಮುಟ್ಟುತ್ತವೆ. ಫ್ರಾನ್ಸಿನ ರೈಲುಜಾಲದ ನಕ್ಷೆ ಕಾನೂನಿನ ರೂಪ ಪಡೆದದ್ದು 1842ರಲ್ಲಿ. ಅದನ್ನು ಇಂದು ನಡೆಸುತ್ತಿರುವ ಎಸ್‌ಎನ್‌ಸಿಎಫ್ ಹುಟ್ಟಿದ್ದು 1938ರಲ್ಲಿ. ನಕ್ಷೆಗಿಂತ ಕಂಪನಿ 96 ವರ್ಷ ಕಿರಿಯದು. ಕಂಪನಿಯ ಒಡೆತನ, ಆಡಳಿತದ ಸ್ವರೂಪ ಹಲವು ಬಾರಿ ಬದಲಾಗಿವೆ. ನಕ್ಷೆ ಮಾತ್ರ ಬದಲಾಗಲಿಲ್ಲ. ಅಷ್ಟೇ ಅಲ್ಲ, ಪ್ರತಿ ತಲೆಮಾರಿನ ಹೊಸ ತಂತ್ರಜ್ಞಾನವೂ ಆ ಹಳೆಯ ಗೆರೆಗಳನ್ನೇ ಇನ್ನಷ್ಟು ದಪ್ಪ ಮಾಡುತ್ತ ಬಂದಿದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಕಂಪನಿಗಿಂತ ಮೊದಲು ನಕ್ಷೆಯಿಂದಲೇ ಆರಂಭಿಸುತ್ತೇನೆ.

ಫ್ರಾನ್ಸಿನ ಮೊದಲ ರೈಲುಮಾರ್ಗ 1827ರಲ್ಲಿ ಸೇಂತ್ ಎತಿಯೆನ್ ಬಳಿ, ಕಲ್ಲಿದ್ದಲನ್ನು ಲುವಾರ್ ನದಿಯ ದಂಡೆಗೆ ಸಾಗಿಸಲೆಂದು ಆರಂಭವಾಯಿತು. ಗಾಡಿಗಳನ್ನು ಎಳೆಯುತ್ತಿದ್ದವು ಕುದುರೆಗಳು. ಪ್ಯಾರಿಸ್‌ನ ಜನ ರೈಲು ಹತ್ತಿದ್ದು 1837ರಲ್ಲಿ, ಸೇಂ ಜೆರ್ಮೇನ್ ಕಡೆಗೆ ಹಾಕಿದ ಕಿರು ಮಾರ್ಗದಲ್ಲಿ. ಅಲ್ಲಿಂದ ಐದು ವರ್ಷ ಸಂಸತ್ತಿನಲ್ಲಿ ನಡೆದದ್ದು ಒಂದೇ ವಾದ: ರೈಲುಮಾರ್ಗವನ್ನು ಸರ್ಕಾರ ಕಟ್ಟಬೇಕೇ, ಖಾಸಗಿಯವರು ಕಟ್ಟಬೇಕೇ? 1842ರ ಜೂನ್ 11ರ ಕಾನೂನು ಇಬ್ಬರಿಗೂ ಪಾಲು ಕೊಟ್ಟಿತು. ಜಮೀನು, ಮಣ್ಣು ಕೆಲಸ, ಸೇತುವೆ, ಸುರಂಗಗಳು ಸರ್ಕಾರದ ಹೊಣೆ. ಹಳಿ, ಜಲ್ಲಿ, ಎಂಜಿನ್, ಡಬ್ಬಿ ಮತ್ತು ರೈಲು ಓಡಿಸುವುದು ಕಂಪನಿಗಳ ಹೊಣೆ. ಅವಧಿ ಮುಗಿದ ಮೇಲೆ ಮಾರ್ಗ ಸರ್ಕಾರಕ್ಕೆ ಮರಳಬೇಕು. ಇದಾದ ಕೆಲವು ವರ್ಷಗಳ ನಂತರ, 1849ರಲ್ಲಿ, ನಮ್ಮಲ್ಲಿ ಈಸ್ಟ್ ಇಂಡಿಯಾ ಕಂಪನಿ ಬ್ರಿಟಿಷ್ ರೈಲು ಕಂಪನಿಗಳಿಗೆ ಹೂಡಿದ ಹಣದ ಮೇಲೆ ಶೇ 5ರ ಬಡ್ಡಿಯನ್ನು ಖಾತರಿ ಮಾಡಿ, ಜಮೀನನ್ನು ಪುಕ್ಕಟೆಯಾಗಿ ಕೊಡುವ ಒಪ್ಪಂದ ಮಾಡಿಕೊಂಡಿತು. ಎರಡೂ ಕಡೆ ನಷ್ಟದ ಭಯ ಸರ್ಕಾರದ ಹೆಗಲಿಗೆ, ಲಾಭದ ಆಸೆ ಷೇರುದಾರರಿಗೆ. ಫ್ರಾನ್ಸಿನಲ್ಲಿ ಮಾರ್ಗ ಎಲ್ಲಿ ಹೋಗಬೇಕೆಂಬುದನ್ನು ನಿರ್ಧರಿಸಿದ್ದು ಸರ್ಕಾರದ ಎಂಜಿನಿಯರುಗಳು.

ಆ ಎಂಜಿನಿಯರುಗಳ ಮುಖ್ಯಸ್ಥನಾಗಿದ್ದವನು ರಸ್ತೆ ಮತ್ತು ಸೇತುವೆಗಳ ಇಲಾಖೆಯ ಅಲೆಕ್ಸಿ ಲೆಗ್ರಾಂ. ಅವನ ಯೋಜನೆಗೆ ಇಂದಿಗೂ ಲೆಗ್ರಾಂ ನಕ್ಷತ್ರ ಎಂದೇ ಹೆಸರು. ಕಾನೂನಿನಲ್ಲಿ ನಮೂದಾದ ಮಾರ್ಗಗಳನ್ನು ಓದಿದರೆ ಸಾಕು, ಚಿತ್ರ ಕಣ್ಣಿಗೆ ಕಟ್ಟುತ್ತದೆ: ಪ್ಯಾರಿಸ್‌ನಿಂದ ಬೆಲ್ಜಿಯಂ ಗಡಿಗೆ, ಪ್ಯಾರಿಸ್‌ನಿಂದ ಇಂಗ್ಲಿಷ್ ಕಡಲ್ಗಾಲುವೆಗೆ, ಪ್ಯಾರಿಸ್‌ನಿಂದ ಸ್ತ್ರಾಸ್‌ಬೂರ್ಗ್ ಮೂಲಕ ಜರ್ಮನಿಗೆ, ಪ್ಯಾರಿಸ್‌ನಿಂದ ಲಿಯೋನ್ ಮತ್ತು ಮಾರ್ಸೇಗೆ, ಪ್ಯಾರಿಸ್‌ನಿಂದ ಬೋರ್ಡೊ ಮೂಲಕ ಸ್ಪೇನಿಗೆ, ಪ್ಯಾರಿಸ್‌ನಿಂದ ನಾಂತ್‌ಗೆ, ಪ್ಯಾರಿಸ್‌ನಿಂದ ದೇಶದ ನಡುಭಾಗಕ್ಕೆ. ಪ್ಯಾರಿಸ್ಸನ್ನು ಮುಟ್ಟದ ಮಾರ್ಗಗಳು ಎರಡೇ: ಮೆಡಿಟರೇನಿಯನ್ನಿನಿಂದ ಲಿಯೋನ್, ದಿಜೋನ್ ಮೂಲಕ ರೈನ್ ನದಿಗೆ ಒಂದು, ಬೋರ್ಡೊದಿಂದ ತುಲೂಸ್ ಮೂಲಕ ಮಾರ್ಸೇಗೆ ಇನ್ನೊಂದು. ಎತ್ತಿನ ಗಾಡಿಯ ಚಕ್ರದಲ್ಲಿ ಅರೆಕಾಲುಗಳೆಲ್ಲ ಗುಂಬಕ್ಕೆ ಬಂದು ಸೇರುವಂತೆ ಎಲ್ಲ ಹಳಿಗಳೂ ರಾಜಧಾನಿಗೆ ಬಂದು ಸೇರಿದವು. ಚಕ್ರಕ್ಕೆ ಇರುವ ಹೊರಸುತ್ತು ಮಾತ್ರ ಇಲ್ಲಿ ಸರಿಯಾಗಿ ಮೂಡಲೇ ಇಲ್ಲ. ಲಿಯೋನ್‌ಗೂ ಬೋರ್ಡೊಗೂ ನಡುವೆ ನೇರ ಮಾರ್ಗದ ಮಾತು ಆ ಪಟ್ಟಿಯಲ್ಲಿ ಇಲ್ಲ. ಇವೆರಡರ ನಡುವೆ ಮಾಸಿಫ್ ಸಾಂತ್ರಾಲ್ ಎಂಬ ಬೆಟ್ಟಸೀಮೆ ಹರಡಿಕೊಂಡಿದೆ ಎಂಬುದೂ ನಿಜ. ಆದರೂ ಬೆಟ್ಟವೊಂದನ್ನೇ ದೂರುವುದು ಸರಿಯಲ್ಲ. ಮನಸ್ಸು ಮಾಡಿದ ಕಡೆ ಆ ಕಾಲದ ಎಂಜಿನಿಯರುಗಳು ಇದಕ್ಕಿಂತ ಕಠಿಣವಾದ ಬೆಟ್ಟಗಳನ್ನು ದಾಟಿದ್ದಾರೆ.

ಈ ನಕ್ಷತ್ರದ ಒಂದೊಂದು ಕಿರಣವೂ ಕ್ರಮೇಣ ಒಂದೊಂದು ದೊಡ್ಡ ಕಂಪನಿಯ ಜಹಗೀರಾಯಿತು. ರಾಥ್ಸ್‌ಚೈಲ್ಡ್ ಮನೆತನದ ಹಿಡಿತದಲ್ಲಿದ್ದ ನಾರ್ ಕಂಪನಿಗೆ ಉತ್ತರ, ಎಸ್ತ್ ಕಂಪನಿಗೆ ಪೂರ್ವ, ವೆಸ್ತ್ ಕಂಪನಿಗೆ ನಾರ್ಮಂಡಿ ಮತ್ತು ಬ್ರಿಟನಿ, ಪ್ಯಾರಿಸ್–ಓರ್ಲಿಯಾಂ ಕಂಪನಿಗೆ ನೈಋತ್ಯ. ಪಿಎಲ್ಎಂ ಎಂದು ಹೆಸರಾದ ಪ್ಯಾರಿಸ್–ಲಿಯೋನ್–ಮೆಡಿಟರೇನಿಯನ್ ಕಂಪನಿಗೆ ಆಗ್ನೇಯ. ಆರನೆಯದಾದ ಮಿದಿ ಕಂಪನಿ ಪೆರೇರ್ ಸಹೋದರರದು. ಪ್ಯಾರಿಸ್‌ನಲ್ಲಿ ನಿಲ್ದಾಣವಿಲ್ಲದ ಏಕೈಕ ದೊಡ್ಡ ಕಂಪನಿ ಇದು. ಬೋರ್ಡೊ, ತುಲೂಸ್, ಸೆತ್ ನಡುವಿನ ಅಡ್ಡಮಾರ್ಗವೇ ಅದರ ಬೆನ್ನೆಲುಬು. ಉಳಿದವರು ರಾಜಧಾನಿಯ ಅಂಚಿನಲ್ಲಿ ತಮ್ಮ ತಮ್ಮ ನಿಲ್ದಾಣ ಕಟ್ಟಿಕೊಂಡರು. ತಾವು ಇಳಿದ ಗಾರ್ ದ ಲಿಯೋನ್, ಅಂದರೆ ಪ್ಯಾರಿಸ್‌ನ ಲಿಯೋನ್ ನಿಲ್ದಾಣ, ಪಿಎಲ್ಎಂ ಕಂಪನಿಯದು. ಮೆಟ್ರೊದಲ್ಲಿ ಹೋಗಿ ಬೋರ್ಡೊ ರೈಲು ಹಿಡಿದ ಮೋಂಪಾರ್ನಾಸ್ ಮೂಲತಃ ವೆಸ್ತ್ ಕಂಪನಿಯದು. ಒಂದು ಕಂಪನಿಯ ಪ್ರಯಾಣಿಕ ಇನ್ನೊಂದು ಕಂಪನಿಯ ರೈಲನ್ನು ಸುಲಭವಾಗಿ ಹಿಡಿಯಲೆಂದು ಯಾರೂ ಯೋಚಿಸಿರಲಿಲ್ಲ. ಮೈಸೂರು ಸಂಸ್ಥಾನದ ಮಾರ್ಗಗಳು, ಸದರ್ನ್ ಮರಾಠಾ ಕಂಪನಿಯ ಮಾರ್ಗಗಳು, ಮದ್ರಾಸ್ ಕಂಪನಿಯ ಬ್ರಾಡ್‌ಗೇಜ್ ಇವೆಲ್ಲ ಸೇರಿ ಇಂದಿನ ಕರ್ನಾಟಕದ ರೈಲುನಕ್ಷೆ ಹೇಗೆ ಅಲ್ಲಲ್ಲಿ ತೇಪೆ ಹಾಕಿದಂತಾಯಿತೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲದ ಒಂದು ಪದ್ಧತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ನಿಲ್ದಾಣದ ಹೊರಗೋಡೆಯ ಗಡಿಯಾರ ಪ್ಯಾರಿಸ್ ಸಮಯ ತೋರಿಸುತ್ತಿತ್ತು. ಒಳಗೆ ಪ್ಲಾಟ್‌ಫಾರ್ಮಿನ ಗಡಿಯಾರ ಬೇಕೆಂದೇ ಅದಕ್ಕಿಂತ ಐದು ನಿಮಿಷ ಹಿಂದೆ ಇರುತ್ತಿತ್ತು, ರೈಲುಗಳು ಹೊರಡುತ್ತಿದ್ದುದು ಒಳಗಿನ ಗಡಿಯಾರದ ಪ್ರಕಾರ. ತಡವಾಗಿ ಓಡಿ ಬಂದವರಿಗೆ ಐದು ನಿಮಿಷದ ರಿಯಾಯಿತಿ. 1911ರಲ್ಲಿ ಫ್ರಾನ್ಸ್ ಗ್ರೀನಿಚ್ ಆಧಾರಿತ ಸಮಯವನ್ನು ಒಪ್ಪಿಕೊಂಡಾಗ ಈ ಸವಲತ್ತು ಹೋಯಿತು.

ರೈಲು ಎಡಬದಿಯಲ್ಲಿ ಓಡುವುದೂ ಅದೇ ಕಾಲದ ಉಳಿಕೆ. ಪ್ಯಾರಿಸ್–ರುವಾಂ ಮಾರ್ಗವನ್ನು 1843ರ ವೇಳೆಗೆ ಕಟ್ಟಿದವರು ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ಲಾಕ್ ಮತ್ತು ಗುತ್ತಿಗೆದಾರ ಥಾಮಸ್ ಬ್ರಾಸಿ. ಬ್ರಿಟಿಷರ ಪ್ರಭಾವದಿಂದ ಬಂದ ಎಡಬದಿಯ ಓಟ ಫ್ರಾನ್ಸಿನಲ್ಲಿ ಹಾಗೆಯೇ ಬೇರೂರಿತು. ಆದರೆ 1871ರಲ್ಲಿ ಜರ್ಮನಿಯ ವಶಕ್ಕೆ ಹೋಗಿ 1918ರ ನಂತರ ಮರಳಿದ ಅಲ್ಸಾಸ್ ಮತ್ತು ಮೊಸೆಲ್ ಸೀಮೆಯಲ್ಲಿ ರೈಲುಗಳು ಇಂದಿಗೂ ಬಲಬದಿಯಲ್ಲಿ ಓಡುತ್ತವೆ. ಹಳೆಯ ಗಡಿಯ ಬಳಿ ಒಂದು ಹಳಿ ಇನ್ನೊಂದರ ಮೇಲೆ ಸೇತುವೆಯಲ್ಲಿ ಹಾದು ಎಡ ಬಲವಾಗುತ್ತದೆ. ಪ್ರಯಾಣಿಕರಿಗೆ ಅದು ಗೊತ್ತೂ ಆಗುವುದಿಲ್ಲ. ರಾಜಕೀಯ ಗಡಿ ಅಳಿಸಿ ನೂರು ವರ್ಷವಾದರೂ ಹಳಿಗಳಲ್ಲಿ ಅದು ಅಳಿದಿಲ್ಲ.

ದೊಡ್ಡ ಕಿರಣಗಳು ಸಿದ್ಧವಾದ ಮೇಲೆ ಸಣ್ಣ ಊರುಗಳು ಬಾಯಿ ಬಿಟ್ಟವು. 1879ರಲ್ಲಿ ಸಚಿವ ಶಾರ್ಲ್ ದ ಫ್ರೇಸಿನೆ ಸುಮಾರು 8,800 ಕಿ.ಮೀ. ಹೊಸ ಮಾರ್ಗಗಳ ಯೋಜನೆ ತಂದ. ಪ್ರತಿಯೊಂದು ಉಪವಿಭಾಗ ಕೇಂದ್ರಕ್ಕೂ ರೈಲು ಮುಟ್ಟಬೇಕೆಂಬುದು ಅದರ ಆಶಯ. ಚುನಾವಣೆಯ ಲೆಕ್ಕಾಚಾರವೂ ಇತ್ತು, ಹಳ್ಳಿಗಾಡಿಗೆ ಗಣರಾಜ್ಯವನ್ನು ಮುಟ್ಟಿಸುವ ಪ್ರಾಮಾಣಿಕ ಬಯಕೆಯೂ ಇತ್ತು. ಇಂಥ ಮಾರ್ಗಗಳಲ್ಲಿ ಬಹಳಷ್ಟು ಯಾವತ್ತೂ ಲಾಭ ಕಾಣಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 1878ರಲ್ಲಿ, ಪಶ್ಚಿಮದ ದಿವಾಳಿಯೆದ್ದ ಸಣ್ಣ ಕಂಪನಿಗಳನ್ನು ಕೊಂಡು ಸರ್ಕಾರ ತನ್ನದೇ ಒಂದು ಜಾಲವನ್ನು ಮಾಡಿಕೊಂಡಿತ್ತು. 1909ರ ಆರಂಭದಲ್ಲಿ ಸಾಲದಲ್ಲಿ ಮುಳುಗಿದ್ದ ವೆಸ್ತ್ ಕಂಪನಿಯನ್ನೂ ಅದಕ್ಕೆ ಸೇರಿಸಿಕೊಳ್ಳಲಾಯಿತು. ಮೊದಲ ಮಹಾಯುದ್ಧದ ನಂತರ ಕಂಪನಿಗಳ ಲಾಭ ನಷ್ಟವನ್ನು ಹಂಚಿಕೊಳ್ಳಲು 1921ರಲ್ಲಿ ಒಂದು ಸಾಮಾನ್ಯ ನಿಧಿ ಹುಟ್ಟಿತು. ಲಾರಿ ಬಸ್ಸುಗಳ ಪೈಪೋಟಿ ಮತ್ತು 1930ರ ದಶಕದ ಆರ್ಥಿಕ ಕುಸಿತ ಅದನ್ನು ಬರಿದು ಮಾಡಿದವು.

ಎಸ್‌ಎನ್‌ಸಿಎಫ್ ಹುಟ್ಟಿದ್ದು ಹೀಗೆ, ಆದರ್ಶಕ್ಕಿಂತ ಹೆಚ್ಚಾಗಿ ಸಾಲದ ಒತ್ತಡದಿಂದ. 1937ರ ಆಗಸ್ಟ್ 31ರ ರಾತ್ರಿ, ಸಚಿವ ಆಂರಿ ಕೆಯ್ ಕಾಲದಲ್ಲಿ, ಐದು ಖಾಸಗಿ ಕಂಪನಿಗಳೊಂದಿಗೆ ಒಪ್ಪಂದವಾಯಿತು. 1938ರ ಜನವರಿ 1ರಿಂದ ಆ ಐದರ ಜಾಲಗಳೂ, ಸರ್ಕಾರದ ಜಾಲವೂ, ಅಲ್ಸಾಸ್–ಲೊರೇನ್ ಜಾಲವೂ ಒಂದಾದವು. ಒಟ್ಟು 42 ಸಾವಿರ ಕಿ.ಮೀ.ಗೂ ಮಿಕ್ಕ ಮಾರ್ಗ, ಐದು ಲಕ್ಷಕ್ಕೂ ಹೆಚ್ಚು ನೌಕರರು. ಹೊಸ ಸಂಸ್ಥೆ ಇಲಾಖೆಯಾಗಿರಲಿಲ್ಲ, ಕಂಪನಿಯೇ ಆಗಿತ್ತು: ಶೇ 51 ಷೇರು ಸರ್ಕಾರದ್ದು, ಉಳಿದ ಶೇ 49 ಹಳೆಯ ಕಂಪನಿಗಳದು. ಈ ಏರ್ಪಾಡಿನ ಅವಧಿ 45 ವರ್ಷ, ಅಂದರೆ 1982ರ ಕೊನೆಯ ದಿನದವರೆಗೆ. ರೈಲು ಕೈಬಿಟ್ಟ ಹಳೆಯ ಕಂಪನಿಗಳು ಮುಚ್ಚಲಿಲ್ಲ. ತಮ್ಮ ಆಸ್ತಿ ಮತ್ತು ಷೇರುಗಳ ಬಲದಿಂದ ಹೂಡಿಕೆ ಸಂಸ್ಥೆಗಳಾಗಿ ಬಾಳಿದವು. ಹೊಸ ಕಂಪನಿಯ ಮೊದಲ ಮಹಾನಿರ್ದೇಶಕ ರೊಬೆರ್ ಲ ಬೆನೆರೇ ಬಂದದ್ದೂ ನಾರ್ ಕಂಪನಿಯಿಂದಲೇ. ಒಂದಾದ ಮೊದಲೆರಡು ವರ್ಷಗಳಲ್ಲೇ ಸಾವಿರಾರು ಕಿ.ಮೀ. ಹಳ್ಳಿ ಮಾರ್ಗಗಳಲ್ಲಿ ಪ್ರಯಾಣಿಕರ ರೈಲು ನಿಂತು ಬಸ್ಸು ಬಂತು. ರಾಷ್ಟ್ರೀಕರಣವೆಂದರೆ ವಿಸ್ತರಣೆ ಎಂದು ನಾವು ಭಾವಿಸುತ್ತೇವೆ; ಅಲ್ಲಿ ಅದು ಕಡಿತದಿಂದಲೇ ಆರಂಭವಾಯಿತು.

ಎರಡು ವರ್ಷ ತುಂಬುವಷ್ಟರಲ್ಲಿ ಯುದ್ಧ ಬಂತು. 1940ರ ಜೂನ್ ಕದನವಿರಾಮದ ಷರತ್ತಿನಂತೆ ರೈಲುಗಳು ಜರ್ಮನ್ನರ ಅಧೀನಕ್ಕೆ ಹೋದವು. ಫ್ರಾನ್ಸಿನಿಂದ ಸಾವಿನ ಶಿಬಿರಗಳಿಗೆ ಸಾಗಿಸಲಾದ ಸುಮಾರು 76,000 ಯಹೂದಿಯರನ್ನು ಗಡಿಯವರೆಗೆ ಒಯ್ದದ್ದು ಈ ಕಂಪನಿಯ ಹಳಿಗಳು, ಎಂಜಿನ್‌ಗಳು, ನೌಕರರು. ಅದೇ ಕಂಪನಿಯೊಳಗೆ ಪ್ರತಿರೋಧದ ಜಾಲವೂ ಇತ್ತು. ಅದರ ಮುಂದಾಳುಗಳಲ್ಲಿ ಒಬ್ಬರಾದ ಎಂಜಿನಿಯರ್ ಲೂಯಿ ಅರ್ಮಾಂ ಮುಂದೆ ಕಂಪನಿಯ ಮುಖ್ಯಸ್ಥರಾದರು. 1944ರಲ್ಲಿ ನಾರ್ಮಂಡಿಗೆ ಮಿತ್ರಸೇನೆ ಇಳಿದಾಗ ಹಳಿ ಕಿತ್ತು ಜರ್ಮನ್ ಸೈನ್ಯದ ಸಾಗಾಟವನ್ನು ತಡೆದವರಲ್ಲಿ ರೈಲು ನೌಕರರು ಮುಂಚೂಣಿಯಲ್ಲಿದ್ದರು. ಬಹುಕಾಲ ಫ್ರಾನ್ಸ್ ಈ ಎರಡನೆಯ ಮುಖವನ್ನಷ್ಟೇ ನೆನೆಯಲು ಇಷ್ಟಪಟ್ಟಿತು. 2011ರಲ್ಲಿ ಪ್ಯಾರಿಸ್ ಬಳಿಯ ಬೊಬಿನ್ಯಿ ನಿಲ್ದಾಣದಲ್ಲಿ ಕಂಪನಿಯ ಅಂದಿನ ಅಧ್ಯಕ್ಷ ಗಿಯೋಮ್ ಪೆಪಿ ಅದರ ಪರವಾಗಿ ವಿಷಾದ ವ್ಯಕ್ತಪಡಿಸಿದರು. 2014ರಲ್ಲಿ ಸಂತ್ರಸ್ತರಿಗಾಗಿ ಫ್ರಾನ್ಸ್ ಸರ್ಕಾರ 6 ಕೋಟಿ ಡಾಲರ್ ನೀಡುವ ಒಪ್ಪಂದವನ್ನು ಅಮೆರಿಕದೊಂದಿಗೆ ಮಾಡಿಕೊಂಡಿತು. ಅಮೆರಿಕದ ಕೆಲವು ರಾಜ್ಯಗಳ ರೈಲು ಗುತ್ತಿಗೆಗೆ ಕಂಪನಿ ಪ್ರಯತ್ನಿಸುತ್ತಿದ್ದ ಕಾಲ ಅದು. ಈ ಒತ್ತಡವಿಲ್ಲದಿದ್ದರೆ ಆ ಮಾತು ಯಾವಾಗ ಬರುತ್ತಿತ್ತೋ ಎಂಬ ಪ್ರಶ್ನೆ ಅನ್ಯಾಯದ್ದೇನಲ್ಲ.

ಯುದ್ಧಾನಂತರದ ಪುನರ್ನಿರ್ಮಾಣಕ್ಕೆ ಅಮೆರಿಕ ಮತ್ತು ಕೆನಡಾದಿಂದ 141ಆರ್ ಮಾದರಿಯ 1,300ಕ್ಕೂ ಹೆಚ್ಚು ಉಗಿ ಎಂಜಿನ್‌ಗಳು ಹಡಗುಗಳಲ್ಲಿ ಬಂದವು. 1947ರಲ್ಲಿ ಒಂದು ಹಡಗು ಅಟ್ಲಾಂಟಿಕ್‌ನಲ್ಲಿ ಮುಳುಗಿ 16 ಎಂಜಿನ್‌ಗಳು ಸಮುದ್ರದ ತಳ ಸೇರಿದವು. ಆದರೆ ನಮಗೆ ನೇರವಾಗಿ ಸಂಬಂಧಿಸಿದ ಸಂಗತಿ ವಿದ್ಯುದೀಕರಣದ್ದು. ಪಿರೆನೀಸ್ ಬೆಟ್ಟಗಳ ಜಲವಿದ್ಯುತ್ತನ್ನು ನೆಚ್ಚಿಕೊಂಡು ಮಿದಿ ಕಂಪನಿ 1920ರ ದಶಕದಿಂದಲೇ 1,500 ವೋಲ್ಟ್ ಏಕಮುಖ ವಿದ್ಯುತ್ತಿನಲ್ಲಿ ರೈಲು ಓಡಿಸುತ್ತಿತ್ತು. ಪ್ಯಾರಿಸ್–ಲಿಯೋನ್ ಮಾರ್ಗವೂ 1952ರಲ್ಲಿ ಅದೇ ಪದ್ಧತಿಗೆ ಬಂತು. ಇದರ ತೊಡಕು ಇಷ್ಟೇ: ವೋಲ್ಟೇಜ್ ಕಡಿಮೆ ಇದ್ದರೆ ಪ್ರವಾಹ ಹೆಚ್ಚಬೇಕು, ಪ್ರವಾಹ ಹೆಚ್ಚಿದರೆ ತಂತಿ ದಪ್ಪವಾಗಬೇಕು, ಸಬ್‌ಸ್ಟೇಷನ್‌ಗಳು ಹತ್ತಿರ ಹತ್ತಿರ ಇರಬೇಕು. ಮನೆ ಕಾರ್ಖಾನೆಗಳಿಗೆ ಬರುವ 50 ಸೈಕಲ್ ವಿದ್ಯುತ್ತನ್ನೇ 25,000 ವೋಲ್ಟ್‌ನಲ್ಲಿ ನೇರವಾಗಿ ತಂತಿಗೆ ಕೊಡಬಹುದೇ ಎಂಬ ಪ್ರಶ್ನೆಯನ್ನು ಜರ್ಮನ್ನರು ಯುದ್ಧಕ್ಕೆ ಮೊದಲೇ ಬ್ಲ್ಯಾಕ್ ಫಾರೆಸ್ಟ್‌ನ ಹೋಲೆಂಟಾಲ್ ಮಾರ್ಗದಲ್ಲಿ, ಸ್ವಲ್ಪ ಕಡಿಮೆ ವೋಲ್ಟೇಜಿನಲ್ಲಿ, ಪರೀಕ್ಷಿಸಿದ್ದರು. ಯುದ್ಧದ ನಂತರ ಆ ಪ್ರದೇಶ ಫ್ರೆಂಚ್ ಸೈನ್ಯದ ವಲಯಕ್ಕೆ ಬಂದಾಗ ಅರ್ಮಾಂ ಅವರ ಎಂಜಿನಿಯರುಗಳು ಅದನ್ನು ಅಭ್ಯಾಸ ಮಾಡಿದರು. ಸವಾಯ್ ಸೀಮೆಯ ಎಕ್ಸ್ ಲೆ ಬೇನ್–ಲಾ ರೋಷ್ ಸುರ್ ಫೊರೋನ್ ಮಾರ್ಗದಲ್ಲಿ ಪ್ರಯೋಗ ನಡೆಸಿದರು. 1954–55ರಲ್ಲಿ ಉತ್ತರದ ವಾಲೆನ್ಸಿಯೆನ್–ತಿಯೋನ್‌ವಿಲ್ ನಡುವೆ, ಕಲ್ಲಿದ್ದಲು ಮತ್ತು ಕಬ್ಬಿಣದ ಅದಿರಿನ ಭಾರೀ ಗೂಡ್ಸ್ ರೈಲುಗಳನ್ನು ಎಳೆದು ತೋರಿಸಿದರು. ಭಾರತೀಯ ರೈಲ್ವೆ 1957ರಲ್ಲಿ ಇದೇ ಪದ್ಧತಿಯನ್ನು ಆಯ್ದುಕೊಂಡಾಗ ಸಲಹೆಗಾರರಾಗಿದ್ದವರು ಎಸ್‌ಎನ್‌ಸಿಎಫ್‌ನವರೇ. ಇಂದು ಬೆಂಗಳೂರು–ಮೈಸೂರು ಮಾರ್ಗದ ತಂತಿಯಲ್ಲಿರುವುದು ಅದೇ 25,000 ವೋಲ್ಟ್, ಅದೇ 50 ಸೈಕಲ್. ವಿಚಿತ್ರವೆಂದರೆ ಫ್ರಾನ್ಸೇ ಇಂದಿಗೂ ಎರಡೂ ಪದ್ಧತಿಯನ್ನು ಇಟ್ಟುಕೊಂಡು ಬಾಳುತ್ತಿದೆ. ಪ್ಯಾರಿಸ್‌ನ ಗಾರ್ ದು ನಾರ್ ನಿಲ್ದಾಣದಲ್ಲಿ ಆರ್‌ಇಆರ್ ಬಿ ಉಪನಗರ ರೈಲು ನಿಂತಿರುವಾಗಲೇ 1,500 ವೋಲ್ಟ್‌ನಿಂದ 25,000 ವೋಲ್ಟ್‌ಗೆ ಬದಲಾಗುತ್ತದೆ.

ಇನ್ನು ಟಿಜಿವಿ, ಅಂದರೆ ಫ್ರಾನ್ಸಿನ ಅತಿವೇಗದ ರೈಲು. 1972ರ ಮೊದಲ ಮಾದರಿ ಗ್ಯಾಸ್ ಟರ್ಬೈನಿನಿಂದ ಓಡುತ್ತಿತ್ತು. ಮರುವರ್ಷದ ತೈಲ ಬಿಕ್ಕಟ್ಟು ಅದನ್ನು ವಿದ್ಯುತ್ತಿನ ಕಡೆಗೆ ತಿರುಗಿಸಿತು. 1981ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್–ಲಿಯೋನ್ ಸೇವೆ ಆರಂಭವಾಗಿ, 1983ರಲ್ಲಿ ಹೊಸ ಮಾರ್ಗ ಪೂರ್ತಿಯಾದಾಗ ಪ್ರಯಾಣ ಎರಡು ಗಂಟೆಗೆ ಇಳಿಯಿತು. ಹಳೆಯ ಪಿಎಲ್ಎಂ ಮಾರ್ಗ ದಿಜೋನ್ ಬಳಸಿ 512 ಕಿ.ಮೀ. ಹೋಗುತ್ತಿತ್ತು, ಹೊಸದು ಸುಮಾರು 427. ಇಷ್ಟು ನೇರವಾಗಿ ಹೋಗಲು ಸಾಧ್ಯವಾದದ್ದು ಏರಿನ ಲೆಕ್ಕಾಚಾರದಿಂದ. ಗೂಡ್ಸ್ ರೈಲಿಗೆ ಅಲ್ಲಿ ಪ್ರವೇಶವಿಲ್ಲ; ಹಗುರವಾದ, ಶಕ್ತಿಶಾಲಿಯಾದ ರೈಲು ಮಾತ್ರ ಓಡುವುದರಿಂದ ಸಾವಿರ ಮೀಟರಿಗೆ 35 ಮೀಟರ್ ಏರನ್ನು ಅದು ವೇಗದ ಬಲದಲ್ಲೇ ಹತ್ತಿಬಿಡುತ್ತದೆ. ಹೀಗಾಗಿ ಬರ್ಗಂಡಿಯ ಗುಡ್ಡಗಳ ಮೇಲೆ ಒಂದೇ ಒಂದು ಸುರಂಗವಿಲ್ಲದೆ ಮಾರ್ಗ ಸಾಗಿತು, ಖರ್ಚೂ ಉಳಿಯಿತು. ಜಪಾನಿನ ಶಿಂಕಾನ್ಸೆನ್‌ಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ, ಟಿಜಿವಿ ಹಳೆಯ ಹಳಿಗಳ ಮೇಲೂ ಓಡಬಲ್ಲದು ಎಂಬುದು. ಊರೊಳಗೆ ಹೊಸ ನಿಲ್ದಾಣ ಕಟ್ಟದೆ ಹಳೆಯ ಗಾರ್ ದ ಲಿಯೋನ್‌ನಿಂದಲೇ ಹೊರಟು, ಹೊಸ ಮಾರ್ಗ ಮುಗಿದ ಮೇಲೆ ಹಳೆಯ ಹಳಿ ಹಿಡಿದು ಮಾರ್ಸೇ, ಗ್ರೆನೋಬಲ್, ಜಿನೀವಾ ತಲುಪಬಹುದಿತ್ತು. ಬಹಳ ಜಾಣ ಉಪಾಯ. ಆದರೆ ಇದೇ ಉಪಾಯದ ಬಲದಿಂದ ಲೆಗ್ರಾಂ ನಕ್ಷತ್ರ ಎರಡನೆಯ ಬಾರಿ ಹುಟ್ಟಿತು: 1989ರಿಂದ ಅಟ್ಲಾಂಟಿಕ್ ಕಡೆಗೆ, 1993ರಲ್ಲಿ ಲೀಲ್ ಕಡೆಗೆ, 2001ರಲ್ಲಿ ಮಾರ್ಸೇಗೆ, 2007ರಿಂದ ಸ್ತ್ರಾಸ್‌ಬೂರ್ಗ್ ಕಡೆಗೆ, 2017ರಲ್ಲಿ ಬೋರ್ಡೊ ಮತ್ತು ರೆನ್‌ಗೆ. ಇಂದಿರುವ 2,700 ಕಿ.ಮೀ.ಗೂ ಮಿಕ್ಕ ವೇಗಮಾರ್ಗಗಳಲ್ಲಿ ಪ್ಯಾರಿಸ್ಸನ್ನು ನೋಡದೆ ಹೋಗುವಂಥದ್ದು ಬಹಳ ಕಡಿಮೆ. ಅವುಗಳಲ್ಲಿ ಮುಖ್ಯವಾದ 2011ರ ರೈನ್–ರೋನ್ ಮಾರ್ಗ 1842ರ ಪಟ್ಟಿಯ ಎರಡು ಅಡ್ಡಮಾರ್ಗಗಳಲ್ಲಿ ಒಂದರ ಜಾಡಿನಲ್ಲೇ ಇದೆ; ಅದೂ ಯೋಜಿಸಿದಷ್ಟು ಉದ್ದ ಇನ್ನೂ ಪೂರ್ತಿಯಾಗಿಲ್ಲ. ಈಗ ಕೆಲಸ ಆರಂಭವಾಗಿರುವ ಬೋರ್ಡೊ–ತುಲೂಸ್ ವೇಗಮಾರ್ಗ ಎರಡನೆಯ ಅಡ್ಡಮಾರ್ಗದ ಜಾಡಿನದು. ಆದರೆ ಅದಕ್ಕೆ ಹಣ ಬೇಡುವಾಗ ಮುಂದಿಡುವ ವಾದ ಪ್ಯಾರಿಸ್‌ನಿಂದ ತುಲೂಸ್‌ಗೆ ಉಳಿಯುವ ಸಮಯದ್ದೇ.

ವೇಗದ ಗೆರೆ ಎಳೆಯುವಾಗ ನಡುವಿನ ಊರುಗಳಿಗೆ ಏನಾಗುತ್ತದೆ ಎಂಬುದಕ್ಕೆ ಪಿಕಾರ್ದಿ ಸೀಮೆಯ ಒಂದು ನಿಲ್ದಾಣ ಸಾಕ್ಷಿ. ಲೀಲ್ ಮಾರ್ಗ ತಮ್ಮ ಊರಿನ ಮೇಲೆ ಬರಬೇಕೆಂದು ಆಮಿಯೆನ್ ಜನ ಹೋರಾಡಿದರು. ಮಾರ್ಗ ಮೋಟಾರ್‌ವೇ ಪಕ್ಕದಲ್ಲೇ ನೇರ ಹೋಯಿತು. ಸಮಾಧಾನಕ್ಕೆಂದು 1994ರಲ್ಲಿ ಆಮಿಯೆನ್ ಮತ್ತು ಸೇಂ ಕಾಂತೇನ್ ನಡುವಿನ ಬಯಲಿನಲ್ಲಿ ಒಂದು ನಿಲ್ದಾಣ ತೆರೆದರು. ಎರಡೂ ಊರಿಗೆ ಅಲ್ಲಿಂದ ರೈಲು ಸಂಪರ್ಕವಿಲ್ಲ, ಬಸ್ಸು ಅಥವಾ ಕಾರೇ ಗತಿ. ಸುತ್ತಲೂ ಸಕ್ಕರೆಗೆಡ್ಡೆಯ ಹೊಲಗಳಿರುವುದರಿಂದ ಜನ ಅದಕ್ಕೆ ಇಟ್ಟ ಅಡ್ಡಹೆಸರು ಬೀಟ್‌ರೂಟ್ ಸ್ಟೇಷನ್.

ಈಗ ತಮ್ಮ ಪ್ರಯಾಣಕ್ಕೆ ಬರುತ್ತೇನೆ. ಲಿಯೋನ್–ಬೋರ್ಡೊ ನಡುವೆ ಆಕಾಶಮಾರ್ಗದ ದೂರ ಸುಮಾರು 435 ಕಿ.ಮೀ. ಮಾಸಿಫ್ ಸಾಂತ್ರಾಲ್ ದಾಟಿ ಹೋಗುವ ಹಳಿಗಳು ಇವೆ, ನೇರ ರೈಲೂ ಇತ್ತು. ಅದಕ್ಕೆ ಏಳು ಗಂಟೆಯ ಆಸುಪಾಸು ಬೇಕಾಗುತ್ತಿತ್ತು, 2010ರ ದಶಕದ ಮೊದಲ ವರ್ಷಗಳಲ್ಲಿ ಅದು ನಿಂತಿತು. ಸುಮಾರು ಎರಡರಷ್ಟು ದೂರ ಸುತ್ತಿದರೂ ಪ್ಯಾರಿಸ್ ಮೂಲಕ ಎರಡು ಗಂಟೆ, ಮತ್ತೆ ಎರಡು ಗಂಟೆ, ನಡುವೆ ರೈಲು ಬದಲಿಸುವ ಸಮಯ. ಅಂದರೆ ಟಿಕೆಟ್ ಕೊಟ್ಟ ಕಂಪ್ಯೂಟರ್ ತಮ್ಮನ್ನು ವಂಚಿಸಲಿಲ್ಲ. ಈ ಲೆಕ್ಕ ನಿಜವಾಗಿರುವುದೇ ಬೇಸರದ ಸಂಗತಿ: ವೇಗಮಾರ್ಗಕ್ಕೆ ಹಣ ಹೋದಷ್ಟೂ ಅಡ್ಡಮಾರ್ಗ ಹಳತಾಗುತ್ತದೆ, ಹಳತಾದಷ್ಟೂ ನಿಧಾನವಾಗುತ್ತದೆ, ನಿಧಾನವಾದಷ್ಟೂ ಪ್ರಯಾಣಿಕರು ಪ್ಯಾರಿಸ್ ಕಡೆಗೇ ಹೋಗುತ್ತಾರೆ. ಈ ಮಾರ್ಗವನ್ನು ಮತ್ತೆ ಆರಂಭಿಸಲೆಂದೇ 2019ರಲ್ಲಿ ರೈಲ್‌ಕೂಪ್ ಎಂಬ ಸಹಕಾರ ಸಂಘ ಹುಟ್ಟಿ, ಸಾವಿರಾರು ಜನ ಷೇರು ಹಾಕಿದರು. ಒಂದೇ ಒಂದು ಪ್ರಯಾಣಿಕ ರೈಲು ಓಡುವ ಮೊದಲೇ 2024ರಲ್ಲಿ ಅದು ದಿವಾಳಿಯಾಯಿತು. ಮುಂದೆ ಹೋಗುವವರಿಗೆ ಒಂದು ಉಪಯುಕ್ತ ಮಾತು: ಪ್ಯಾರಿಸ್ ನಗರವನ್ನು ಹೊರಗಿನಿಂದ ಬಳಸುವ ಮಾರ್ಗವೊಂದು 1990ರ ದಶಕದಿಂದ ಇದೆ; ನಗರದ ದಕ್ಷಿಣದ ಮಾಸಿ ಅಥವಾ ಪೂರ್ವದ ಮಾರ್ನ್ ಲಾ ವಾಲೆ ನಿಲ್ದಾಣದಲ್ಲಿ ರೈಲು ಬದಲಿಸುವ ಟಿಕೆಟ್ ಹುಡುಕಿದರೆ ಮೆಟ್ರೊದಲ್ಲಿ ಸಾಮಾನು ಹೊರುವುದು ತಪ್ಪುತ್ತದೆ.

ಕಂಪನಿಯ ಸ್ವರೂಪದ ಪ್ರಶ್ನೆಗೆ ಉತ್ತರ ಕಾಲಕ್ಕೆ ತಕ್ಕಂತೆ ಬೇರೆ ಬೇರೆ. 1938ರಿಂದ 1982ರವರೆಗೆ ಅದು ಸರ್ಕಾರದ ಬಹುಪಾಲಿನ ಕಂಪನಿ. 1983ರಿಂದ ಪೂರ್ತಿ ಸರ್ಕಾರಿ ವಾಣಿಜ್ಯ ಸಂಸ್ಥೆ. 1997ರಲ್ಲಿ, ಹಳಿ ಮತ್ತು ರೈಲಿನ ಲೆಕ್ಕ ಬೇರೆಯಾಗಬೇಕೆಂಬ ಯುರೋಪಿನ ನಿಯಮದ ನೆರಳಿನಲ್ಲಿ, ಹಳಿಗಳನ್ನೂ ಅವುಗಳ ಜೊತೆಗೆ ಸುಮಾರು 2,000 ಕೋಟಿ ಯೂರೊಗೆ ಸಮನಾದ ಸಾಲವನ್ನೂ ಆರ್‌ಎಫ್‌ಎಫ್ ಎಂಬ ಬೇರೊಂದು ಸಂಸ್ಥೆಗೆ ವರ್ಗಾಯಿಸಲಾಯಿತು. ಹಳಿಯ ಒಡೆಯ ಒಬ್ಬ, ಹಳಿ ರಿಪೇರಿಗೆ ಕೂಲಿಯಾಳು ಹಳೆಯ ಕಂಪನಿಯೇ! ಹದಿನೆಂಟು ವರ್ಷ ಈ ವ್ಯವಸ್ಥೆ ನಡೆಯಿತು. ವೇಗಮಾರ್ಗಗಳು ಬೆಳೆದವು, ಹಳೆಯ ಜಾಲ ಮುಪ್ಪಾಗುತ್ತಿದೆ ಎಂದು 2005ರಲ್ಲಿ ಲೋಸಾನ್‌ನ ತಜ್ಞರ ವರದಿಯೊಂದು ಎಚ್ಚರಿಸಿತು. 2013ರ ಜುಲೈ 12ರಂದು ಪ್ಯಾರಿಸ್‌ನಿಂದ ಲಿಮೋಜ್‌ಗೆ ಹೊರಟ ರೈಲು ಬ್ರೆತಿನ್ಯಿ ನಿಲ್ದಾಣದಲ್ಲಿ ಹಳಿ ತಪ್ಪಿ ಏಳು ಜನ ಸತ್ತರು. ಹಳಿಗಳ ತುದಿಯನ್ನು ಬೆಸೆಯುವ ಉಕ್ಕಿನ ಪಟ್ಟಿ, ಅಂದರೆ ಫಿಶ್‌ಪ್ಲೇಟ್, ನಾಲ್ಕು ಬೋಲ್ಟ್‌ಗಳಲ್ಲಿ ಮೂರು ಹೋಗಿ, ಉಳಿದ ಒಂದರ ಮೇಲೆ ತಿರುಗಿ, ಹಳಿಗಳು ಒಂದನ್ನೊಂದು ದಾಟುವ ಕ್ರಾಸಿಂಗ್ ಮೇಲೆ ಬಿದ್ದಿತ್ತು. 2022ರಲ್ಲಿ ನ್ಯಾಯಾಲಯ ಎಸ್‌ಎನ್‌ಸಿಎಫ್ ತಪ್ಪಿತಸ್ಥ ಎಂದು ತೀರ್ಪಿತ್ತು ದಂಡ ವಿಧಿಸಿತು. ಹೊಸ ವೇಗಮಾರ್ಗಗಳ ಸಂಭ್ರಮದಲ್ಲಿ ಹಳೆಯ ಹಳಿಯ ಬೋಲ್ಟ್ ಬಿಗಿಮಾಡುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ಫ್ರಾನ್ಸಿಗೆ ಮಾತ್ರ ಹೇಳಬೇಕಾದ ಮಾತಲ್ಲ.

2015ರಲ್ಲಿ ಹಳಿ ಮತ್ತು ರೈಲು ಮತ್ತೆ ಒಂದೇ ಸೂರಿನಡಿ ಬಂದವು. 2018ರ ಕಾನೂನು ರೈಲು ನೌಕರರ ವಿಶೇಷ ಸೇವಾನಿಯಮಗಳನ್ನು ಹೊಸದಾಗಿ ಸೇರುವವರಿಗೆ ರದ್ದು ಮಾಡಿದಾಗ ಏಪ್ರಿಲ್‌ನಿಂದ ಜೂನ್‌ವರೆಗೆ ಐದು ದಿನಕ್ಕೆ ಎರಡು ದಿನದಂತೆ ಮುಷ್ಕರ ನಡೆಯಿತು, ಆದರೂ ಕಾನೂನು ಉಳಿಯಿತು. 2020ರ ಜನವರಿ 1ರಿಂದ ಎಸ್‌ಎನ್‌ಸಿಎಫ್ ಷೇರು ಬಂಡವಾಳದ ಕಂಪನಿ. ಅದರ ಕೆಳಗೆ ಹಳಿ ನೋಡಿಕೊಳ್ಳುವ ಎಸ್‌ಎನ್‌ಸಿಎಫ್ ರೆಜೊ, ಪ್ರಯಾಣಿಕರ ರೈಲು ಓಡಿಸುವ ಎಸ್‌ಎನ್‌ಸಿಎಫ್ ವಾಯಾಜರ್ ಮೊದಲಾದ ಅಂಗಕಂಪನಿಗಳಿವೆ. ಷೇರುಗಳೆಲ್ಲ ಸರ್ಕಾರದ್ದು, ಕಾನೂನಿನ ಪ್ರಕಾರ ಅವನ್ನು ಮಾರುವಂತಿಲ್ಲ. ರೆಜೊ ಹೊತ್ತಿದ್ದ ಸಾಲದಲ್ಲಿ 3,500 ಕೋಟಿ ಯೂರೊವನ್ನು ಸರ್ಕಾರ 2020 ಮತ್ತು 2022ರಲ್ಲಿ ಎರಡು ಕಂತಿನಲ್ಲಿ ತನ್ನ ಮೈಮೇಲೆ ಎಳೆದುಕೊಂಡಿತು. ಆದ್ದರಿಂದ ಮಾರಿದ್ದಾರೆ ಎಂಬುದು ಸುಳ್ಳು. ಆದರೆ ಆ ಮಾತಿನ ಹಿಂದಿನ ಆತಂಕ ಸುಳ್ಳಲ್ಲ, ಏಕೆಂದರೆ ಹಳಿಗಳು ಈಗ ಬೇರೆಯವರಿಗೂ ತೆರೆದಿವೆ. 2021ರ ಡಿಸೆಂಬರಿನಿಂದ ಇಟಲಿಯ ಟ್ರೆನಿಟಾಲಿಯಾ ಪ್ಯಾರಿಸ್–ಲಿಯೋನ್ ನಡುವೆ ರೈಲು ಓಡಿಸುತ್ತಿದೆ; 2025ರ ಬೇಸಿಗೆಯಿಂದ ಮಾರ್ಸೇ–ನೀಸ್ ಪ್ರಾದೇಶಿಕ ರೈಲುಗಳನ್ನು ಟ್ರಾನ್ಸ್‌ಡೆವ್ ಎಂಬ ಬೇರೊಂದು ಕಂಪನಿ ನಡೆಸುತ್ತಿದೆ. ಯುರೋಪಿನ ಸ್ಪರ್ಧಾ ನಿಯಮಗಳ ಒತ್ತಡದಲ್ಲಿ ಸರಕು ಸಾಗಣೆಯ ಅಂಗವಾದ ಫ್ರೆತ್ ಎಸ್‌ಎನ್‌ಸಿಎಫ್ 2024ರ ಕೊನೆಗೆ ವಿಸರ್ಜನೆಯಾಗಿ ಎರಡು ಹೊಸ ಕಂಪನಿಗಳಾಯಿತು. ಇತ್ತ ಎಸ್‌ಎನ್‌ಸಿಎಫ್ ಕೂಡ ಸುಮ್ಮನೆ ಕುಳಿತಿಲ್ಲ. 2021ರಿಂದ ಸ್ಪೇನಿನ ಮ್ಯಾಡ್ರಿಡ್–ಬಾರ್ಸಿಲೋನಾ ಮಾರ್ಗದಲ್ಲಿ ತನ್ನ ವಿಗೋ ಅಗ್ಗದ ರೈಲುಗಳನ್ನು ಓಡಿಸಿ ಅಲ್ಲಿನ ರಾಷ್ಟ್ರೀಯ ಕಂಪನಿಗೆ ಪೈಪೋಟಿ ಕೊಡುತ್ತಿದೆ.

ಇಲ್ಲಿ ಗಮನಿಸಬೇಕಾದದ್ದು ಹಣ ಹರಿಯುವ ದಾರಿ. ಹಳಿ ಬಳಸುವ ಪ್ರತಿ ರೈಲೂ ರೆಜೊಗೆ ಟೋಲ್ ಕೊಡುತ್ತದೆ, ಟ್ರೆನಿಟಾಲಿಯಾ ಕೂಡ ಕೊಡುತ್ತದೆ. ಅದರ ಮೇಲೆ ಎಸ್‌ಎನ್‌ಸಿಎಫ್ ಸಮೂಹ ತನ್ನ ಲಾಭದ ಒಂದು ಪಾಲನ್ನು ಹಳೆಯ ಜಾಲದ ನವೀಕರಣಕ್ಕಾಗಿ ಇರುವ ವಿಶೇಷ ನಿಧಿಗೆ ಹಾಕುತ್ತದೆ. ಈ ಪಾಲನ್ನು ಪ್ರತಿಸ್ಪರ್ಧಿಗಳು ಕೊಡಬೇಕಾಗಿಲ್ಲ. ಲಾಭ ಹುಟ್ಟುವುದು ಪ್ಯಾರಿಸ್‌ನಿಂದ ಹೊರಡುವ ದೊಡ್ಡ ಟಿಜಿವಿ ಮಾರ್ಗಗಳಲ್ಲಿ, ಪ್ರತಿಸ್ಪರ್ಧಿಗಳು ಮೊದಲು ಬರುವುದೂ ಅಲ್ಲಿಗೇ. ಪ್ಯಾರಿಸ್–ಲಿಯೋನ್ ಪ್ರಯಾಣಿಕನಿಗೆ ಇದರಿಂದ ಅಗ್ಗದ ಟಿಕೆಟ್ ಸಿಗುತ್ತಿದೆ. ಆ ಕಿರಣಗಳ ಲಾಭ ಹಂಚಿಹೋದಷ್ಟೂ ನಡುವಿನ ಅಡ್ಡಮಾರ್ಗಗಳ ಹಳಿ ಬದಲಿಸುವ ಖರ್ಚನ್ನು ಯಾರು ಭರಿಸಬೇಕು ಎಂಬುದರ ಮೇಲೆ ಕಂಪನಿ, ಪ್ರಾಂತಗಳು ಮತ್ತು ಸಂಸತ್ತಿನ ನಡುವೆ ಈಗ ವಾದ ನಡೆದಿದೆ.